ಐವತ್ತು ಪಟ್ಟು

ಗಾಬ್ರೊವೊದ ಹೆಣಿಗೆಯಂತ್ರದ ಕಾರ್ಖಾನೆಯಲ್ಲಿ
ಮೊದಲ ದಿನ ನನಗೆ ಕೊಟ್ಟ ಕೆಲಸ, ಸುಮ್ಮನೆ ನಿಲ್ಲುವುದು.
ಗಾಂಕಾ ಇಲೀವಾ ಕಿಟಕಿಗೆ ಕಪ್ಪು ಪರದೆ ಎಳೆದಳು,
ದೀಪ ಹಾಕಿದಳು. ಪೆಟ್ಟಿಗೆಯೊಳಗೆ ಫ್ಯಾನು ಗುಂಯ್‌ಗುಟ್ಟಿತು.
"ಬಿಸಿಯಾಗಲಿ ತಾಳು. ಗಾಜಿಗೂ ನಿದ್ದೆ ತಿಳಿಯಬೇಕು."

ಆಮೇಲೆ ಚಿಮುಟದ ತುದಿಯಲ್ಲಿ ಒಂದು ಸೂಜಿ.
ನೂಲನ್ನು ಕೊಕ್ಕಿನಲ್ಲಿ ಕಚ್ಚಿ ಎಳೆದುಕೊಳ್ಳುವ ಜಾತಿಯದು,
ಅಂಗೈಯಲ್ಲಿಟ್ಟರೆ ಇದೆಯೋ ಬಿದ್ದುಹೋಯಿತೋ ಅನ್ನುವಷ್ಟು.
ಕೆಳಗಿಂದ ಬೆಳಕು, ಮೇಲೆ ಮಸೂರ, ಆಚೆ ಕನ್ನಡಿ,
ಮಬ್ಬು ಗಾಜಿನ ತೆರೆಯ ಮೇಲೆ ಅದರ ಕೊಕ್ಕಿ
ಕುಡುಗೋಲಿನ ಹಾಗೆ ಬಾಗಿ ನಿಂತಿತು.

ಐವತ್ತು ಪಟ್ಟು.
ನನ್ನ ತಲೆಗೂದಲೊಂದು ಬಿದ್ದಿತ್ತು, ಹಗ್ಗವಾಯಿತು.
ಬೆರಳಿನ ಜಿಡ್ಡು, ಮೋಡ.
ಅವಳು ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ ಬೈದಳು.
ರೊಟ್ಟಿಯನ್ನು ಅಂಗಳದಲ್ಲೇ ತಿನ್ನುತ್ತಿದ್ದಳು, ಹಿಮ ಬಿದ್ದರೂ,
ಒಂದು ಚೂರು ಒಳಗೆ ಬಂದರೆ ಬಂಡೆ.

ಬಲಕ್ಕೆ ತಳ್ಳಿದೆ, ಎಡಕ್ಕೆ ಓಡಿತು.
ಮೇಲೆತ್ತಿದೆ, ಇಳಿಯಿತು.
"ಮಸೂರದ ಮನೆಯಲ್ಲಿ ಎಲ್ಲ ತಿರುಗುಮುರುಗು.
ಇದನ್ನು ಕೈಗೆ ಕಲಿಸು, ತಲೆಗೆ ಹೇಳಿಕೊಡಬೇಡ."

ತೆರೆಯ ಮೇಲೆ ನಕ್ಷೆಯ ಹಾಳೆ, ಹಾಳೆಯಲ್ಲಿ ಎರಡು ಗೆರೆ.
ಅವುಗಳ ನಡುವೆ ನೆರಳು ಮೈ ಮಡಚಿ ಮಲಗಿದರೆ ಪಾಸು,
ತುಳಿದರೆ ಕೆಂಪು ಡಬ್ಬ.
ದಿನಕ್ಕೆ ಮುನ್ನೂರು. ಟಣ್, ಟಣ್.

ಒಂದು ಸಂಜೆ, ಡಬ್ಬ ತುಂಬಿದ ಮೇಲೆ,
ಹತ್ತು ಪಟ್ಟಿನ ಮಸೂರ ತಿರುಗಿಸಿ ಹಾಕಿ
ತನ್ನ ಮದುವೆಯುಂಗುರ ಗಾಜಿನ ಮೇಲಿಟ್ಟಳು.
ಗುಂಡಗಿರಲಿಲ್ಲ.
ಬಕೆಟ್ಟು ಹೊತ್ತ ವರ್ಷಗಳು ಒಂದು ಕಡೆ ಒತ್ತಿದ್ದವು.
ಅಡ್ಡ ಅಳೆದಳು, ಉದ್ದ ಅಳೆದಳು, ಚೀಟಿಯಲ್ಲಿ ಬರೆದಳು.
"ಫೇಲು" ಅಂದಳು. ಮತ್ತೆ ಬೆರಳಿಗೆ ಹಾಕಿಕೊಂಡಳು.

ಒಂದು ಸಲ ಮಾತ್ರ ಅವಳು ಸೋತದ್ದು ನೋಡಿದೆ.
ಅವಳು ಪಾಸು ಮಾಡಿದ ಸೂಜಿಗಳು ಪ್ಲೋವ್ದಿವಿನಲ್ಲಿ
ಯಂತ್ರಕ್ಕೆ ಹಾಕಿದೊಡನೆ ಕಡ್ಡಿಯ ಹಾಗೆ ಮುರಿದವು.
ಉಕ್ಕಿನ ಒಳಗೇ ಬಿರುಕು. ಸಾಹೇಬರು ಕೂಗಾಡಿದರು.
ಅವಳು ದೀಪ ಆರಿಸಿ ಕತ್ತಲಲ್ಲೇ ಕೂತು ಹೇಳಿದಳು:
"ನೆರಳಿಗೆ ಅಂಚು ಉಂಟು ಹುಡುಗಾ, ಹೊಟ್ಟೆ ಇಲ್ಲ."

ಕಾರ್ಖಾನೆ ಮುಚ್ಚಿತು. ಪೆಟ್ಟಿಗೆಯನ್ನು ತೂಕಕ್ಕೆ ಮಾರಿದರು.
ಮಸೂರವನ್ನು ಯಾರೋ ಬಿಚ್ಚಿಕೊಂಡಿದ್ದರು,
ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ.

ಈ ಮಾರ್ಚಿನಲ್ಲಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ.
ನರ ಸಿಗುತ್ತಿಲ್ಲ. ಎರಡು ಸಲ ಚುಚ್ಚಿ ನೀಲಿಗಟ್ಟಿದೆ.
ನರ್ಸು ದೆಸ್ಪೀನಾ ಗಾಲಿಯ ಮೇಲೆ ಒಂದು ಯಂತ್ರ ತಂದಳು,
ಟಾರ್ಚಿನಷ್ಟು ತಲೆ, ಅದರಿಂದ ಹಸಿರು ಬೆಳಕು.
ಒಣಗಿದ ಮುಂಗೈಯ ಮೇಲೆ ಬಿತ್ತು
ಅವಳದೇ ರಕ್ತದ ನಕ್ಷೆ: ಕವಲು, ಕವಲಿನ ಕವಲು,
ಚರ್ಮದ ಕೆಳಗಿನದು ಚರ್ಮದ ಮೇಲೆ.

ಗಾಂಕಾ ನೋವು ಮರೆತಳು.
ಕೈಯನ್ನು ಬಲಕ್ಕೆ ಸರಿಸಿದಳು. ನಕ್ಷೆ ಬಲಕ್ಕೇ ಬಂತು.
ಎಡಕ್ಕೆ. ಎಡಕ್ಕೇ.
ನನ್ನ ಕಡೆ ನೋಡಿದಳು, ಯಾರೋ ಮೋಸ ಮಾಡಿದ ಹಾಗೆ.
"ಎಷ್ಟು ತಪ್ಪುತ್ತದೆ ಇದು?" ಎಂದು ನರ್ಸನ್ನು ಕೇಳಿದಳು.
"ತಪ್ಪುವುದಿಲ್ಲ ಅಜ್ಜಿ, ಹೊಸ ಮೆಷಿನ್ನು."
"ತಪ್ಪದ ಮೆಷಿನ್ನಿಲ್ಲ. ಗೆರೆಯ ದಪ್ಪವೆಷ್ಟು?
ನರ ನಡುವಲ್ಲಿದೆಯೋ, ಅಂಚಿನಲ್ಲೋ?"
ನರ್ಸು ಉತ್ತರಿಸಲಿಲ್ಲ, ಸಿರಿಂಜಿನ ಟೋಪಿ ತೆಗೆದಳು.

ಬೆಳಕು ಕಾಯುತ್ತಿತ್ತು. ಗಾಂಕಾ ಕೈ ಕೊಡಲಿಲ್ಲ.
ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಕಿರಿದು ಮಾಡಿ,
"ಮೊದಲು ಆ ಸೂಜಿ ಇತ್ತ ಹಿಡಿ,
ಮೊನೆ ನೋಡುತ್ತೇನೆ."